ಮುಪ್ಪಾದ ಹೃದಯಕ್ಕೆ ಕಿರು ಪೆಪ್ಟೈಡ್: ಈಗಲೇ ಮದ್ದು ಎನ್ನಬಹುದೇ?

ಪರ

ಹೃದಯದ ಸ್ನಾಯುಕೋಶ ಸುಲಭಕ್ಕೆ ಹೊಸದಾಗುವುದಿಲ್ಲ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14ರ ಜಾಡು ಹಿಡಿದು 2009ರಲ್ಲಿ ಲೆಕ್ಕ ಹಾಕಿದರು: 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ 1ರಷ್ಟು, 75ರಲ್ಲಿ ಶೇ 0.45ರಷ್ಟು ಕೋಶಗಳಷ್ಟೇ ಬದಲಾಗುತ್ತವೆ. ಮುದಿ ಹೃದಯ ಹಳೆಯ ಕೋಶಗಳನ್ನೇ ನೆಚ್ಚಿಕೊಂಡು ಸಂಸಾರ ತೂಗಿಸಬೇಕು. ಹಾಗಿದ್ದ ಮೇಲೆ ರಿಪೇರಿ ಶುರುವಾಗಬೇಕಾದ್ದು ಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಮೈಟೊಕಾಂಡ್ರಿಯದಲ್ಲಿ. ಆ ಕೋಶದ ಸುಮಾರು ಮೂರನೇ ಒಂದು ಪಾಲು ಜಾಗ ಅದರದೇ.

ಎಲಾಮಿಪ್ರೆಟೈಡ್ ಎಂಬ ಪೆಪ್ಟೈಡ್ (ಅಮೈನೊ ಆಮ್ಲಗಳ ಕಿರು ಸರಪಳಿ), ಅಂದರೆ ಎಸ್‌ಎಸ್-31, ಹೋಗಿ ಕೂರುವುದು ಅಲ್ಲೇ. ಇದರಲ್ಲಿರುವುದು ನಾಲ್ಕೇ ಅಮೈನೊ ಆಮ್ಲ: ಡಿ-ಆರ್ಜಿನೈನ್, ಡೈಮೀಥೈಲ್ ಟೈರೊಸಿನ್, ಲೈಸಿನ್, ಫಿನೈಲ್‌ಅಲನಿನ್. ಸಂಶೋಧಕರಾದ ಹೇಝೆಲ್ ಸೆಟೊ ಮತ್ತು ಪೀಟರ್ ಶಿಲ್ಲರ್ ಅಫೀಮಿನಂತೆ ನೋವು ತಗ್ಗಿಸುವ (ಓಪಿಯಾಯ್ಡ್) ಪೆಪ್ಟೈಡ್‌ಗಳನ್ನು ಹುಡುಕಲು ಹೊರಟಾಗ ಸಿಕ್ಕಿದ್ದು ಇದು. ಮೈಟೊಕಾಂಡ್ರಿಯದ ಒಳಪೊರೆಯನ್ನು ಮಡಿಕೆ ಮಡಿಕೆಯಾಗಿ ನಿಲ್ಲಿಸುವ ಕಾರ್ಡಿಯೊಲಿಪಿನ್ ಎಂಬ ಕೊಬ್ಬಿಗೆ ಋಣ ಆವೇಶ, ಈ ಪೆಪ್ಟೈಡ್‌ಗೆ ಧನ ಆವೇಶ, ಎರಡೂ ಅಂಟಿಕೊಳ್ಳುತ್ತವೆ. ಮಡಿಕೆ ಕುಸಿದರೆ ಪ್ರೋಟಾನ್ ಸೋರುತ್ತದೆ, ಕೋಶದ ಇಂಧನವಾದ ಎಟಿಪಿ ಕಡಿಮೆಯಾಗುತ್ತದೆ. ಹೃದಯಕ್ಕೆ ಬಡಿಯಲು ಬೇಕಾದಂತೆ ಸಡಿಲಗೊಳ್ಳಲೂ ಎಟಿಪಿ ಬೇಕು ಎನ್ನುವುದನ್ನು ನಾವು ಮರೆಯುತ್ತೇವೆ.

2020ರ ಇಲಿ ಪ್ರಯೋಗ ಪರೀಕ್ಷಿಸಿದ್ದು ಇದನ್ನೇ. 24 ತಿಂಗಳ ಮುದಿ ಇಲಿಗಳಿಗೆ 8 ವಾರ ಎಸ್‌ಎಸ್-31 ಕೊಟ್ಟಾಗ, ಸಡಿಲಗೊಳ್ಳುವ ಕೆಲಸದಲ್ಲಿ ಕುಂದಿದ್ದ ಹೃದಯ ಗಮನಾರ್ಹವಾಗಿ ಸುಧಾರಿಸಿತು. ಪ್ರೋಟಾನ್ ಸೋರಿಕೆಯೂ ತಗ್ಗಿತು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಬಾರ್ತ್ ಸಿಂಡ್ರೋಮ್‌ಗೆ, 30 ಕೆಜಿಗಿಂತ ಕಡಿಮೆಯಿಲ್ಲದ ರೋಗಿಗಳಿಗೆ, ತ್ವರಿತ ದಾರಿಯಲ್ಲಿ ಒಪ್ಪಿತು. ಕಾರ್ಡಿಯೊಲಿಪಿನ್ನೇ ಸರಿಯಾಗಿ ರೂಪುಗೊಳ್ಳದ ಕಾಯಿಲೆ ಅದು. ಗುರಿ ಸರಿಯಿದೆ ಎನ್ನಲು ಇನ್ನೇನು ಬೇಕು?

ವಿರೋಧ

ಗುರಿ ಸರಿಯಿರಬಹುದು. ಆದರೆ ಬಾರ್ತ್ ಒಪ್ಪಿಗೆ ಸಿಕ್ಕಿದ್ದು ಸ್ನಾಯುಬಲದ ಅಳತೆಯ ಮೇಲೆ, ಹೃದಯದ ಮುಪ್ಪಿನ ಮೇಲಲ್ಲ. ಹೃದಯವನ್ನೇ ಅಳೆದ ಕಡೆ ಫಲಿತಾಂಶ ನಿರಾಸೆಯದ್ದು. ಸಂಕುಚನಶಕ್ತಿ ಕುಂದಿದ ಹೃದಯ ವೈಫಲ್ಯದ 71 ರೋಗಿಗಳಿಗೆ 28 ದಿನ ದಿನಕ್ಕೆ 4 ಅಥವಾ 40 ಮಿಲಿಗ್ರಾಂ ಎಲಾಮಿಪ್ರೆಟೈಡ್ ಇಲ್ಲವೇ ಪ್ಲಸೀಬೊ (ಮದ್ದಿಲ್ಲದ ಹುಸಿ ಔಷಧ) ಕೊಟ್ಟು ಎಂಆರ್‌ಐ ಮಾಡಿದರೆ, ಎಡ ಹೃತ್ಕುಕ್ಷಿಯ ಗಾತ್ರದಲ್ಲಿ ವ್ಯತ್ಯಾಸವಿಲ್ಲ. ಹೃದಯಾಘಾತದ ಹೊತ್ತಿನಲ್ಲಿ ಕೊಟ್ಟರೂ ಹಾನಿ ತಗ್ಗಲಿಲ್ಲ. ಮೈಟೊಕಾಂಡ್ರಿಯದ ಸ್ನಾಯುರೋಗವಿದ್ದ 218 ಮಂದಿಯಲ್ಲಿ 24 ವಾರದ ಬಳಿಕವೂ ಆರು ನಿಮಿಷದ ನಡಿಗೆ ಪ್ಲಸೀಬೊ ಪಡೆದವರಿಗಿಂತ ಸುಧಾರಿಸಲಿಲ್ಲ. ಮುದಿ ಹೃದಯದ ತೊಂದರೆ ಸಂಕುಚನವಲ್ಲ, ಬಿಗಿತ. ಆದ್ದರಿಂದ ಆ ಪರೀಕ್ಷೆಗಳು ಬೇರೆಯೇ ಪ್ರಶ್ನೆ ಕೇಳಿದವು ಎಂದು ಪರ ವಾದಿಸುವವರು ಹೇಳಬಹುದು. ಒಪ್ಪೋಣ. ಸರಿಯಾದ ಪ್ರಶ್ನೆಗೆ ಮನುಷ್ಯರಲ್ಲಿ ಸಿಕ್ಕ ಉತ್ತರ ತೋರಿಸಲಿ.

ಸೇಂಟ್ ಪೀಟರ್ಸ್‌ಬರ್ಗ್ ಮೂಲದ, ನಾಲ್ಕು ಅಮೈನೊ ಆಮ್ಲದ ಕಾರ್ಡಿಯೊಜೆನ್‌ನಂಥ ಪೆಪ್ಟೈಡ್‌ಗಳ ಆಧಾರ ಇನ್ನೂ ತೆಳು. ಕೆಲಸದ ಬಹುಪಾಲು ಒಂದೇ ಗುಂಪಿನದು. ಕ್ಯಾಪ್ಸೂಲ್ ನುಂಗಿದರೆ ಕರುಳಿನ ಪೆಪ್ಟ್1 ವಾಹಕ ಸಾಗಿಸುವುದು ಎರಡು-ಮೂರು ಅಮೈನೊ ಆಮ್ಲದ ತುಣುಕನ್ನು. ನಾಲ್ಕರದ್ದು ಇಡಿಯಾಗಿ ಹೃದಯ ಮುಟ್ಟಿತು ಎನ್ನಲು ಬೇರೆಯೇ ಪುರಾವೆ ಬೇಕು.

ಇನ್ನು 'ಸಂಶೋಧನೆಗೆ ಮಾತ್ರ' ಎಂದು ಚೀಟಿ ಹಚ್ಚಿ ಮಾರುವ ಪೆಪ್ಟೈಡ್ ಪುಡಿಯ ವಯಲ್ (ಪುಟ್ಟ ಬಾಟಲಿ). ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ ಶೇ 98 ಶುದ್ಧ ಎಂದರೆ ಪೆಪ್ಟೈಡ್ ಅಂಶದಲ್ಲಿ ಬೇರೆ ಪೆಪ್ಟೈಡ್ ಕಡಿಮೆ ಎಂದಷ್ಟೇ. ಪುಡಿಯ ತೂಕವೆಲ್ಲ ಪೆಪ್ಟೈಡ್ ಎಂದಲ್ಲ. ಎಸ್‌ಎಸ್-31ರ ಅಣುತೂಕ ಸುಮಾರು 640. ಅದರ ಮೂರು ಧನ ಆವೇಶಕ್ಕೆ ತಯಾರಿಕೆಯಿಂದ ಉಳಿದ ಮೂರು ಟ್ರೈಫ್ಲೋರೊಅಸಿಟಿಕ್ ಆಮ್ಲ, ತಲಾ 114, ಅಂಟಿದರೆ ಒಟ್ಟು 982. ಅಂದರೆ 10 ಮಿಲಿಗ್ರಾಂ ಪುಡಿಯಲ್ಲಿ ಪೆಪ್ಟೈಡ್ ಸುಮಾರು 6.5 ಮಿಲಿಗ್ರಾಂ, ಅದೂ ತೇವಾಂಶ ಕಳೆಯುವ ಮೊದಲು. ಡಿ-ಆರ್ಜಿನೈನ್ ಬದಲು ಅದರ ಕನ್ನಡಿ ಬಿಂಬದಂತಿರುವ ಅಗ್ಗದ ಎಲ್-ಆರ್ಜಿನೈನ್ ಹಾಕಿದ್ದರೆ ತೂಕ ಒಂದೇ. ಮಾಸ್ ಸ್ಪೆಕ್ಟ್ರೊಮೀಟರ್ ತೋರಿಸುವ ದ್ರವ್ಯರಾಶಿಯಲ್ಲಿ ಅದು ಗೊತ್ತೇ ಆಗದು, ಆದರೆ ಕಿಣ್ವಗಳು ಅದನ್ನು ಬೇಗ ಕತ್ತರಿಸುತ್ತವೆ. ಚಳಿಜ್ವರ ತರುವ ಬ್ಯಾಕ್ಟೀರಿಯದ ವಿಷ ಎಂಡೊಟಾಕ್ಸಿನ್ ಎಚ್‌ಪಿಎಲ್‌ಸಿಗೆ ಕಾಣುವುದೇ ಇಲ್ಲ, ಅದಕ್ಕೆ ಎಲ್‌ಎಎಲ್ ಪರೀಕ್ಷೆ ಪ್ರತ್ಯೇಕ.

ಬಿಗಿತ ಇಳಿಸಿ ತೋರಿಸಿದ್ದು ವ್ಯಾಯಾಮ. 45ರಿಂದ 64 ವಯಸ್ಸಿನ, ಕೂತೇ ಇರುತ್ತಿದ್ದ ಜನ ಎರಡು ವರ್ಷ, ವಾರಕ್ಕೆ 4–5 ದಿನ, ತೀವ್ರ ಇಂಟರ್ವಲ್ ಸೇರಿಸಿ ಕಸರತ್ತು ಮಾಡಿದಾಗ ಎಡ ಹೃತ್ಕುಕ್ಷಿಯ ಬಿಗಿತ ಕಡಿಮೆಯಾಯಿತು. ಯೋಗ, ಸಮತೋಲನದ ಅಭ್ಯಾಸ ಮಾಡಿದ ಹೋಲಿಕೆ ಗುಂಪಿನಲ್ಲಿ ಆಗಲಿಲ್ಲ. 65 ದಾಟಿದವರಿಗೆ ಒಂದು ವರ್ಷ ಕಸರತ್ತು ಮಾಡಿಸಿದ ಇನ್ನೊಂದು ಅಧ್ಯಯನದಲ್ಲಿ ಬಿಗಿತ ಹೆಚ್ಚೇನೂ ಇಳಿಯಲಿಲ್ಲ. ಪೆಪ್ಟೈಡ್ ಪರೀಕ್ಷೆಯಾಗಬೇಕಾದ್ದು ಇವರಲ್ಲೇ, 28 ದಿನವಲ್ಲ, ವರ್ಷಗಟ್ಟಲೆ.