ಎರಡು ದಿನದ ಕೆಲಸವಂತೆ, ಗೇರ್ ಬಾಕ್ಸ್ ಬದಲಿಸುವುದು!

ಆಟೋಮ್ಯಾಟಿಕ್ ಗೇರ್ ಬಾಕ್ಸ್ ಇಳಿಸಿ ಮ್ಯಾನುಯಲ್ ಕೂರಿಸುವುದು ಎರಡು ದಿನದ ಕೆಲಸ ಎಂದು ನನಗೆ ಹೇಳಿದವರ ಬಾಯಿಗೆಲ್ಲ ಒಂದೊಂದು ಹಿಡಿ ಎರೆಮಣ್ಣು ಹಾಕಬೇಕು ಎನ್ನಿಸುತ್ತಿದೆ. ಯುಗಾದಿಗೆ ಮೊದಲು ಕಲಬುರಗಿಯ ಗ್ಯಾರೇಜಿನ ತಗಡಿನ ಕೆಳಗೆ ಹೋಗಿ ನಿಂತ ನನ್ನ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ) ಗಾಡಿ ಕಾರಹುಣ್ಣಿಮೆ ಕಳೆದರೂ ಅಲ್ಲಿಂದ ಹೊರಬಂದಿಲ್ಲ. ಊರಲ್ಲಿ ತೊಗರಿ ಬಿತ್ತನೆ ಶುರುವಾಗಿದೆ. ನಾನು ಮಾತ್ರ ದಿನಾ ಬೆಳಗ್ಗೆ ಮಿಸ್ತ್ರಿಗೆ ಫೋನ್ ಮಾಡಿ "ಇವತ್ತು ಆಗುತ್ತದೆ ಸಾಹೇಬರೇ" ಎಂಬ ಮಾತು ಕೇಳಿಸಿಕೊಂಡು ನಾಷ್ಟಾ ಮಾಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಆಟೋಮ್ಯಾಟಿಕ್ ಕೆಟ್ಟದ್ದು ಎಂಬ ವಾದ ನನ್ನದಲ್ಲ. ರಿಂಗ್ ರಸ್ತೆಯ ದಟ್ಟಣೆಯಲ್ಲಿ ಅದರ ಸುಖವೇ ಬೇರೆ. ಕಲ್ಲು ದಾರಿಯಲ್ಲಿ ನಿಧಾನವಾಗಿ ಏರುವಾಗಲೂ ಅದು ಎಡಗಾಲಿಗೆ ಬಿಡುವು ಕೊಡುತ್ತದೆ. ಆದರೆ ನಮ್ಮ ಹೊಲ ಇರುವುದು ಕಟ್ಟಿ ಸಂಗಾವಿಯ ಸೇತುವೆ ದಾಟಿ, ಭೀಮಾ ನದಿಯ ಆಚೆ, ಜೇವರ್ಗಿ ಸೀಮೆಯಲ್ಲಿ. ಡಾಂಬರು ಮುಗಿದ ಮೇಲೆ ಬಂಡಿದಾರಿ. ಒಂದು ಮಳೆ ಬಿದ್ದರೆ ಎರೆಮಣ್ಣು ಟೈರಿಗೂ ಮಡ್ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರ ತಿರುಗಲು ಜಾಗವೇ ಇರುವುದಿಲ್ಲ. ನನ್ನದರಂತೆ ಕ್ಲಚ್ಚಿನ ಬದಲು ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಗಾಡಿಯಲ್ಲಿ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇರುವುದು ಎಣ್ಣೆ. ಚಕ್ರ ಕೆಸರಲ್ಲಿ ಸಿಕ್ಕಿಕೊಂಡಾಗ ಆಕ್ಸಿಲರೇಟರ್ ಒತ್ತಿದರೆ ಆ ಶಕ್ತಿಯಲ್ಲಿ ಬಹುಪಾಲು ಎಣ್ಣೆಯನ್ನು ಕಾಯಿಸಲು ಹೋಗುತ್ತದೆ. ಮೇ ತಿಂಗಳಲ್ಲಿ 44 ಡಿಗ್ರಿ ಮುಟ್ಟುವ ಊರು ನಮ್ಮದು. ಇಲ್ಲಿ ಗಾಡಿ ಎಣ್ಣೆ ಕಾಯಿಸಲು ಕೆಸರಿಗೇ ಇಳಿಯಬೇಕೆಂದಿಲ್ಲ. ಕೆಂಪಗಿರಬೇಕಾದ ಎಣ್ಣೆ ಕಪ್ಪಾಯಿತು, ಸುಟ್ಟ ವಾಸನೆ ಬಂತು, ಒಂದು ದಿನ ಲಿವರ್ ಮುಂದೆ ಓಡಿಸುವ 'ಡಿ'ಯಲ್ಲಿದ್ದರೂ ಇಂಜಿನ್ ಕೂಗಿತೇ ಹೊರತು ಗಾಡಿ ಕದಲಲಿಲ್ಲ. ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಎಳೆಯಲು ಬಂದರು. "ತಳ್ಳಿ ಸ್ಟಾರ್ಟ್ ಮಾಡಿ" ಎಂದು ಸಲಹೆ ಕೊಟ್ಟವರಿಗೆ, ಸ್ಟಾರ್ಟ್ ಆಗಿಯೇ ಇದೆ ಮಾರಾಯರೇ ಎಂದು ಹೇಳಿ ಹೇಳಿ ಸಾಕಾಯಿತು. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ಹಾಕಿ ಎಳೆಯಬೇಕು, ಇಲ್ಲದಿದ್ದರೆ ಗೇರ್ ಬಾಕ್ಸಿನ ಒಳಗೆ ಎಣ್ಣೆ ಓಡಾಡದೆ ಉಳಿದದ್ದೂ ಸುಟ್ಟುಹೋಗುತ್ತದೆ ಎಂದು ನಾನೇ ಕೂಗಿಕೊಳ್ಳಬೇಕಾಯಿತು.

ಅಧಿಕೃತ ಸರ್ವಿಸ್ ಕೇಂದ್ರದವರು ಕಡ್ಡಿ ಮುರಿದಂತೆ ಹೇಳಿದರು: ರಿಪೇರಿ ಇಲ್ಲ, ಇಡೀ ಅಸೆಂಬ್ಲಿ ಹೊಸದು ಹಾಕಬೇಕು. ಬೆಲೆ ಕೇಳಿದ ಮೇಲೆ ಅರ್ಧ ಎಕರೆ ಮಾರಬೇಕಾದೀತು ಎನ್ನಿಸಿತು. ಇದರ ಎಣ್ಣೆ ಬದಲಿಸುವ ಅಗತ್ಯವೇ ಇಲ್ಲ ಎಂದು ಇಷ್ಟು ವರ್ಷ ಹೇಳಿದವರೂ ಇವರೇ. ಕೈಪಿಡಿಯ ಇನ್ನೊಂದು ಪುಟದಲ್ಲಿ, ಧೂಳು ಮತ್ತು ಭಾರದ ಬಳಕೆಯಿದ್ದರೆ ಬೇಗ ಬದಲಿಸಿ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಆ ಪುಟವನ್ನು ತೋರಿಸಿದರೆ ಕೌಂಟರಿನ ಹುಡುಗ ಅದನ್ನು ಮೊದಲ ಬಾರಿಗೆ ನೋಡಿದವನ ಹಾಗೆ ತಿರುಗಿಸಿ ಮುರುಗಿಸಿ ನೋಡಿದ.

ಅದಕ್ಕೇ ಮ್ಯಾನುಯಲ್. ಇದೇ ಇಂಜಿನ್ನಿಗೆ ಕಂಪನಿಯೇ ಮ್ಯಾನುಯಲ್ ಬಾಕ್ಸ್ ಕೂಡ ಕೊಟ್ಟಿದೆ, ಹಾಗಾಗಿ ಇದೇನೂ ಹುಚ್ಚು ಯೋಚನೆಯಲ್ಲ. ಕ್ಲಚ್ ಸುಟ್ಟರೆ ಜೇವರ್ಗಿಯಲ್ಲೇ ಹಾಕಿಸಬಹುದು. ಇಳಿಜಾರಿನಲ್ಲಿ ಲೋ ರೇಂಜಿನ (ವೇಗ ಕಡಿಮೆ, ಎಳೆತ ಹೆಚ್ಚು) ಮೊದಲ ಗೇರಿಗೆ ಹಾಕಿದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ಯಾಟರಿ ಕೈಕೊಟ್ಟರೆ ತಳ್ಳಿಯೂ ಎಬ್ಬಿಸಬಹುದು. ಇಷ್ಟೆಲ್ಲ ಲೆಕ್ಕ ಹಾಕಿಯೇ, ಊರಲ್ಲಿ ಹೆಸರು ಮಾಡಿದ ಒಂದು ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಬಾನೆಟ್ ಕೂಡ ಎತ್ತದೆ, "ನಾವು ಮಾಡದ ಗಾಡಿಯೇ ಸಾಹೇಬರೇ? ಹಳೆಯದು ಇಳಿಸುವುದು ಒಂದು ದಿನ, ಹೊಸದು ಏರಿಸುವುದು ಒಂದು ದಿನ" ಎಂದು ಮುಂಗಡ ಎಣಿಸಿಕೊಂಡ. ಏನೇನು ಬೇಕು, ಒಂದು ಚೀಟಿ ಬರೆದುಕೊಡಿ ಎಂದೆ. "ಬಾಕ್ಸ್ ಒಂದು ಬಂದರೆ ಮಿಕ್ಕಿದ್ದು ಸಣ್ಣಪುಟ್ಟದ್ದು" ಎಂದ.

ಆ ಸಣ್ಣಪುಟ್ಟದ್ದೇ ಈಗ ನನ್ನ ರಕ್ತ ಕುಡಿಯುತ್ತಿದೆ.

ಹೈದರಾಬಾದಿನ ಹಳೆ ಬಿಡಿಭಾಗದ ಅಂಗಡಿಯಿಂದ ಗೋಣಿಚೀಲದಲ್ಲಿ ಸುತ್ತಿಸಿಕೊಂಡು ಮೊದಲು ಬಂದದ್ದು ಟೂ ವೀಲ್ ಡ್ರೈವ್ ಗಾಡಿಯ ಬಾಕ್ಸ್. ಅದರ ಹಿಂಬದಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಕೂರಿಸಲು ಜಾಗವೇ ಇಲ್ಲ. ನೋಡಿದರೆ ಮಗುವಿಗೂ ತಿಳಿಯುವ ವ್ಯತ್ಯಾಸ. ಲಾರಿ ಬಾಡಿಗೆ ಎರಡೂ ಸಲ ನನ್ನದೇ. ಸರಿಯಾದ ಬಾಕ್ಸ್ ಬಂದ ಮೇಲೆ ಮಿಸ್ತ್ರಿಗೆ ಜ್ಞಾನೋದಯವಾಯಿತು: ಆಟೋಮ್ಯಾಟಿಕ್ ಗಾಡಿಯ ಇಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರದ ಚಕ್ರ ಇರುವುದಿಲ್ಲ, ಫ್ಲೆಕ್ಸ್ ಪ್ಲೇಟ್ ಎಂಬ ತೆಳು ತಗಡಿನ ಚಕ್ರ ಇರುತ್ತದೆ, ಅದರ ಮೇಲೆ ಕ್ಲಚ್ ಪ್ಲೇಟ್ ಕೂರಿಸಲು ಬರುವುದಿಲ್ಲ. ಹಾಗಾದರೆ ಫ್ಲೈವೀಲ್ ಬೇಕು. ಫ್ಲೈವೀಲಿಗೆ ಬೇರೆ ಉದ್ದದ ಬೋಲ್ಟ್ ಬೇಕು. ಇಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ, ಬಾಕ್ಸಿನ ಇನ್‌ಪುಟ್ ಶಾಫ್ಟನ್ನು ಹಿಡಿದಿಡುವ ಪೈಲಟ್ ಬೇರಿಂಗ್ ಬೇಕು. ಅದನ್ನು ಹಾಕದೆಯೇ ಬಾಕ್ಸ್ ಏರಿಸಲು ಹೊರಟಿದ್ದ. "ಇಲ್ಲದಿದ್ದರೂ ನಡೆಯುತ್ತದೆ" ಎಂಬ ಸಮಜಾಯಿಷಿ ಬೇರೆ! ನಡೆಯುತ್ತದೆ, ಇನ್‌ಪುಟ್ ಶಾಫ್ಟ್ ಓಲಾಡಿ ಬೇರಿಂಗ್ ತಿಂದುಹಾಕುವವರೆಗೆ.

ಆಮೇಲೆ ಪೆಡಲ್. ಮೂರನೆಯ ಪೆಡಲ್ ಬೇಕಾಗುತ್ತದೆ ಎಂಬುದು ಬಾಕ್ಸ್ ಏರಿಸಿದ ಮೇಲೆ ಹೊಳೆಯಬೇಕಾದ ವಿಷಯವೇ? ಕ್ಲಚ್ ಪೆಡಲ್ ಒಂದೇ ಬಂದರೆ ಸಾಲದು, ಅದರ ಬ್ರಾಕೆಟ್, ಪೆಡಲ್ ಒತ್ತಿದ್ದನ್ನು ಎಣ್ಣೆಯ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್, ನಡುವಿನ ಪೈಪು ಎಲ್ಲವೂ ಬೇಕು. ಅಗಲವಾದ ಬ್ರೇಕ್ ಪೆಡಲ್ ತೆಗೆದು ಸಣ್ಣದು ಹಾಕಬೇಕು, ಇಲ್ಲವಾದರೆ ಕ್ಲಚ್ ಒತ್ತಲು ಹೋದ ಕಾಲು ಬ್ರೇಕಿನ ಮೇಲೆ ಬೀಳುತ್ತದೆ. ಮಾಸ್ಟರ್ ಸಿಲಿಂಡರ್ ಕೂರಿಸಲು ಇಂಜಿನ್ ಕಡೆಯ ಗೋಡೆಗೆ ಕೈ ಡ್ರಿಲ್ಲಿನಲ್ಲಿ ತೂತು ಹೊಡೆದಿದ್ದಾನೆ. ತೂತು ವಾರೆಯಾಗಿದೆ. ಮುಚ್ಚಲು ಎಂ-ಸೀಲ್ ಮೆತ್ತಿದ್ದಾನೆ. ಮೊದಲ ಮಳೆಗೇ ನೀರು ಒಳಗೆ ಬರುತ್ತದೆ ಎಂದು ನಾನು ಈಗಲೇ ಬರೆದುಕೊಡುತ್ತೇನೆ.

ವೈರಿಂಗಿನ ಕಥೆ ಕೇಳಿ. ಆಟೋಮ್ಯಾಟಿಕ್ ಗಾಡಿಯಲ್ಲಿ ಲಿವರ್ 'ಪಿ' (ಪಾರ್ಕ್) ಅಥವಾ 'ಎನ್' (ನ್ಯೂಟ್ರಲ್) ಜಾಗದಲ್ಲಿದೆ ಎಂಬ ಸಂಕೇತ ಬಂದರೆ ಮಾತ್ರ ಸ್ಟಾರ್ಟರ್ ತಿರುಗುತ್ತದೆ. ಬಾಕ್ಸ್ ಹೋದ ಮೇಲೆ ಆ ಸಂಕೇತವೂ ಹೋಯಿತು. ಸರಿಯಾದ ದಾರಿಯೆಂದರೆ ಕ್ಲಚ್ ಪೆಡಲಿನ ಬಳಿ ಒಂದು ಸ್ವಿಚ್ ಕೂರಿಸಿ, ಕ್ಲಚ್ ಒತ್ತಿದಾಗ ಮಾತ್ರ ಸ್ಟಾರ್ಟ್ ಆಗುವ ಹಾಗೆ ಮಾಡುವುದು. ಇವನು ಎರಡು ತಂತಿಯನ್ನು ಸಿಪ್ಪೆ ಸುಲಿದು ತಿರುಚಿ ಕರಿ ಟೇಪು ಸುತ್ತಿ, ಕೈ ಒರೆಸಿಕೊಂಡು ಗಾಡಿಯ ಮುಂದೆ ನಿಂತು, ಒಳಗೆ ಕೂತ ಹುಡುಗನಿಗೆ "ಹೊಡಿ" ಎಂದ. ಬಾಕ್ಸ್ ಮೊದಲ ಗೇರಿನಲ್ಲಿತ್ತು. ಕೀಲಿ ತಿರುಗಿಸಿದ ಕೂಡಲೇ ಅಷ್ಟು ದೊಡ್ಡ ಗಾಡಿ ಗಕ್ಕನೆ ಮುಂದಕ್ಕೆ ನೆಗೆದು ಎಣ್ಣೆಯ ಖಾಲಿ ಡ್ರಮ್ಮನ್ನು ಗೋಡೆಗೆ ಒತ್ತಿತು. ಡ್ರಮ್ಮು ನಜ್ಜುಗುಜ್ಜಾಯಿತು. ಮಿಸ್ತ್ರಿಯ ಮೊಣಕಾಲು ಅದರಿಂದ ಒಂದು ಗೇಣು ಈಚೆಗಿತ್ತು. ನನ್ನ ಕೈಕಾಲು ನಡುಗುತ್ತಿದ್ದರೆ ಆತ ಬಂಪರ್ ಸವರಿ ನೋಡಿ ನನಗೇ ಬುದ್ಧಿ ಹೇಳಿದ: "ಗೇರಿನಲ್ಲಿಟ್ಟು ಸ್ಟಾರ್ಟ್ ಮಾಡಬಾರದು ಸಾಹೇಬರೇ, ಹಳೆಯ ಜೀಪುಗಳೆಲ್ಲ ಹೀಗೇ ಅಲ್ಲವೇ?" ಮನೆಯಲ್ಲಿ ಮಕ್ಕಳು ಕೀಲಿ ಕೈಗೆ ಸಿಕ್ಕರೆ ತಿರುಗಿಸುತ್ತಾರೆ. ಸ್ವಿಚ್ ಹಾಕದೆ ಗಾಡಿ ಒಯ್ಯುವುದಿಲ್ಲ ಎಂದು ಅಲ್ಲೇ ಕೂಗಾಡಿದೆ. ಪಕ್ಕದ ಪಂಕ್ಚರ್ ಅಂಗಡಿಯವರೂ ಬಂದು ನಿಂತರು, ಬರಲಿ.

ಇಂಜಿನ್ ಎದ್ದ ಮೇಲೂ ಮುಗಿಯಲಿಲ್ಲ. ಗೇರ್ ಬಾಕ್ಸಿನ ಕಂಪ್ಯೂಟರ್ ಎಲ್ಲಿ ಹೋಯಿತು ಎಂದು ಇಂಜಿನ್ನಿನ ಕಂಪ್ಯೂಟರ್ ಹುಡುಕುತ್ತಿದೆ. ಸಿಗದೆ ಇಂಜಿನ್ನಿನ ಶಕ್ತಿಯನ್ನೇ ಕಡಿಮೆ ಮಾಡಿಕೊಂಡು ಕುಂಟುತ್ತಿದೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಆರುವುದೇ ಇಲ್ಲ. ಮ್ಯಾನುಯಲ್ ಗಾಡಿಯ ಸಾಫ್ಟ್‌ವೇರ್ ಹಾಕಬೇಕು. ಅದಕ್ಕೆ ಯಂತ್ರ ಇರುವವರು ಹೈದರಾಬಾದಿನಲ್ಲಿದ್ದಾರಂತೆ. ಈ "ಅಂತೆ" ಎಂಬುದನ್ನು ಮುಂಗಡ ಪಡೆಯುವಾಗ ಹೇಳಲು ಏನಾಗಿತ್ತು ಧಾಡಿ? ಇನ್ನು ಬಾಕ್ಸಿನ ಉದ್ದ ಬೇರೆಯಾದ್ದರಿಂದ ಹಿಂದಿನ, ಮುಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಎರಡೂ ಪ್ರೊಪೆಲ್ಲರ್ ಶಾಫ್ಟುಗಳ ಅಳತೆ ಬದಲಾಗಿದೆ. ಒಂದನ್ನು ಲೇಥಿನಲ್ಲಿ ಕತ್ತರಿಸಿ ಬೆಸುಗೆ ಹಾಕಿಸಿ ತಂದ. ಬ್ಯಾಲೆನ್ಸ್ ಮಾಡಿಸಿದೆಯಾ ಎಂದರೆ ಕಣ್ಣಳತೆಯಲ್ಲೇ ನೋಡಿದೆ ಎಂದ! ರಸ್ತೆಯ ಮೇಲೆ ವೇಗ ಏರಿದಾಗ ಅದು ಅದುರಲು ಶುರುವಾದರೆ ಶಾಫ್ಟಿನ ಕೀಲಾದ ಯೂನಿವರ್ಸಲ್ ಜಾಯಿಂಟ್, ಬಾಕ್ಸಿನ ಸೀಲು ಒಂದರ ಹಿಂದೆ ಒಂದು ಕಿತ್ತುಹೋಗುತ್ತವೆ, ಆಗಲೂ ನಾನೇ ಜೇಬಿಗೆ ಕೈ ಹಾಕಬೇಕು.

ಕಾಗದಪತ್ರದ ವಿಷಯದಲ್ಲಂತೂ ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಡುವವರೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನ ಬಗ್ಗೆಯೇ ಇದೆ. ನೋಂದಣಿ ಪತ್ರದ (ಆರ್‌ಸಿ) ವಿವರಕ್ಕೂ ಗಾಡಿಗೂ ತಾಳೆ ತಪ್ಪಬಾರದು. ಆರ್‌ಸಿಯಲ್ಲಿ ಗೇರ್ ಬಾಕ್ಸಿನ ಸುದ್ದಿಯೇ ಇಲ್ಲವಲ್ಲ, ಯಾರು ನೋಡುತ್ತಾರೆ ಎಂದ ಏಜೆಂಟ್. ಅಪಘಾತವಾದ ದಿನ ವಿಮೆಯ ಸರ್ವೇಯರ್ ನೋಡುತ್ತಾನೆ. ಅದಕ್ಕೇ ವಿಮಾ ಕಂಪನಿಗೆ ನಾನೇ ಪತ್ರ ಬರೆದು, ಕೊಟ್ಟ ಪ್ರತಿಗೆ ಸೀಲು ಹಾಕಿಸಿಕೊಂಡಿದ್ದೇನೆ.

ಈ ನಡುವೆ ಸಲಹೆಗಾರರ ಕಾಟ. ಮಾರಿಬಿಡಿ ಅಳಿಯಂದಿರೇ, ಒಂದು ಹಳೆಯ ಜೀಪು ತೆಗೆದುಕೊಳ್ಳಿ ಎನ್ನುತ್ತಾರೆ ಮಾವ. ಅರ್ಧ ಬಿಚ್ಚಿದ ಗಾಡಿಯನ್ನು ಯಾರು ಕೊಳ್ಳುತ್ತಾರೆ? ಬೀಜ, ಗೊಬ್ಬರ ಹೊಲಕ್ಕೆ ಸಾಗಿಸಲು ಬಾಡಿಗೆ ಟ್ರ್ಯಾಕ್ಟರ್ ಹಿಡಿದಿದ್ದೇನೆ. ಹದ ಬಂದ ದಿನ ಅದಕ್ಕೂ ಸರದಿ.

ನಿನ್ನೆ ಹೋದಾಗ ಮಿಸ್ತ್ರಿ ಹೊಸ ರಾಗ ತೆಗೆದ. ಹಳೆಯ ಆಟೋಮ್ಯಾಟಿಕ್ ಬಾಕ್ಸ್ ಗುಜರಿ, ಇಲ್ಲಿಯೇ ಬಿಟ್ಟುಹೋಗಿ, ಬಿಲ್ಲಿನಲ್ಲಿ ಸ್ವಲ್ಪ ಕಡಿಮೆ ಮಾಡುತ್ತೇನೆ ಎಂದ. ಅದರ ಟಾರ್ಕ್ ಕನ್ವರ್ಟರಿಗೂ ವಾಲ್ವ್ ಬಾಡಿಗೂ ಹೈದರಾಬಾದಿನಲ್ಲಿ ಗಿರಾಕಿಗಳಿದ್ದಾರೆ ಎಂಬುದು ಅವನಷ್ಟೇ ನನಗೂ ಗೊತ್ತು. ಕ್ಲಚ್ ಸ್ವಿಚ್, ಸಾಫ್ಟ್‌ವೇರ್, ಶಾಫ್ಟಿನ ಬ್ಯಾಲೆನ್ಸ್ ಮೂರನ್ನೂ ಬಿಲ್ ಪುಸ್ತಕದ ಹಾಳೆಯಲ್ಲೇ ಬರೆಸಿ ಅವನಿಂದ ಸಹಿ ಹಾಕಿಸಿಕೊಂಡೆ. ಹಳೆಯ ಬಾಕ್ಸನ್ನು ಆಟೋದಲ್ಲಿ ಹಾಕಿಸಿಕೊಂಡು ಮನೆಗೆ ತಂದೆ. ಇನ್ನು ಆ ಮೂರು ಕೆಲಸ ಮುಗಿಯುವವರೆಗೆ ಅವನಿಗೆ ಒಂದು ಪೈಸೆ ಕೊಡುವುದಿಲ್ಲ.