ಗ್ವಾಂಟನಾಮೊ: ಚಾರ್ಜ್‌ಶೀಟ್ ಎಲ್ಲಿ?

ಇವತ್ತು ಬೆಳಿಗ್ಗೆ ಒಂದು ಪೋಸ್ಟ್ ನೋಡಿದಾಗಿನಿಂದ ಮನಸ್ಸು ಕುದೀತಾ ಇದೆ. 9/11 ದಾಳಿಯ ನಂತರ, ಭಯೋತ್ಪಾದಕರು ಅನ್ನೋ ಅನುಮಾನದ ಮೇಲೆ ಹಿಡಿದವರನ್ನು ಇಡೋಕೆ ಅಮೆರಿಕ ಕ್ಯೂಬಾದಲ್ಲಿ ತೆರೆದ ಗ್ವಾಂಟನಾಮೊ ಜೈಲಿನ ಹಳೇ ಫೋಟೊ, 2002ರ ಜನವರಿಯದು. ತಂತಿ ಬೇಲಿಗಳ ನಡುವೆ ಕಿತ್ತಳೆ ಬಣ್ಣದ ಬಟ್ಟೆ ತೊಟ್ಟ ಗಂಡಸರು ಮಂಡಿಯೂರಿ ಕೂತಿದ್ದಾರೆ. ಏನೂ ಕಾಣದ ಹಾಗೆ ಕಣ್ಣಿಗೆ ಕಪ್ಪು ಗಾಗಲ್ಸ್, ಏನೂ ಕೇಳದ ಹಾಗೆ ಕಿವಿಗೆ ಮುಚ್ಚಳ, ಕೈಗೆ ದಪ್ಪ ಗವಸು. ಅದರ ಮೇಲೆ "ಇಂಥೋರಿಗೆ ಹೀಗೇ ಆಗ್ಬೇಕು, ಆ ಜೈಲು ಯಾವತ್ತೂ ಮುಚ್ಚಬಾರದು" ಅಂತ ಬರೆದಿದ್ದಾರೆ. ಬರೆದವರು ವಕೀಲರು. ದಿನಾ ಜಾಮೀನು ಅರ್ಜಿ ಹಾಕುವವರು! ಅದೇ ನನಗೆ ತಡೆಯಲಾಗಲಿಲ್ಲ.

ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವಳು, ನಿಮಗೆಲ್ಲ ಗೊತ್ತು. ಜೇಬುಗಳ್ಳರಿಂದ ಹಿಡಿದು ಕೊಲೆ ಆರೋಪಿಗಳವರೆಗೆ ಎಲ್ಲರನ್ನೂ ಹತ್ತಿರದಿಂದ ನೋಡಿದ್ದೇನೆ. ಎಂಥ ಕೇಸಾದರೂ ಹಿಡಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತಂದು ನಿಲ್ಲಿಸಬೇಕು. ಸಾಹೇಬ್ರು ಮೊದಲು ಕೇಳೋದೇ "ಪೊಲೀಸ್ನೋರು ಹೊಡೆದ್ರೇನಪ್ಪಾ? ಲಾಯರ್ ಇದ್ದಾರಾ?" ಅಂತ. ಅವನು ಹೇಳಿದ್ದು ಆರ್ಡರ್ ಶೀಟಿಗೆ ಹೋಗುತ್ತೆ. 60 ದಿನ, ದೊಡ್ಡ ಅಪರಾಧವಾದರೆ 90 ದಿನ. ಅಷ್ಟರಲ್ಲಿ ಚಾರ್ಜ್‌ಶೀಟ್ ಬರಲಿಲ್ಲ ಅಂದರೆ ಜಾಮೀನು ಅವನ ಹಕ್ಕು. ವಿಶೇಷ ಕಾಯ್ದೆ ಹಾಕಿ ವರ್ಷಗಟ್ಟಲೆ ಒಳಗಿಡೋದು ನಮ್ಮಲ್ಲೂ ನಡೆಯುತ್ತೆ. ಅದೂ ತಪ್ಪೇ, ಅದನ್ನೂ ಇಲ್ಲೇ ಬರೆದಿದ್ದೇನೆ. ಆದರೆ ಹೋಗಿ ಕೇಳೋಕೆ ಒಂದು ಕೋರ್ಟಾದರೂ ಇದೆ ಅಲ್ವಾ?

ಗ್ವಾಂಟನಾಮೊ ಶುರುವಾಗಿದ್ದೇ ಆ ಕೋರ್ಟು ಸಿಗಬಾರದು ಅಂತ. ಜಾಗ ಕ್ಯೂಬಾದ್ದು, 1903ರಿಂದ ಅಮೆರಿಕದ ಗುತ್ತಿಗೆಯಲ್ಲಿದೆ. ಅದು ಅಮೆರಿಕದ ನೆಲ ಅಲ್ಲ, ಹಾಗಾಗಿ ಅಮೆರಿಕದ ನ್ಯಾಯಾಧೀಶರು ಅಲ್ಲಿ ಕೈ ಹಾಕೋ ಹಾಗಿಲ್ಲ ಅನ್ನೋದು ಬುಷ್ ಸರ್ಕಾರದ ಲೆಕ್ಕ. ಹಿಡಿದವರನ್ನು ಯುದ್ಧಕೈದಿಗಳು ಅಂತ ಒಪ್ಪಲಿಲ್ಲ, ಮಾಮೂಲಿ ಆರೋಪಿಗಳು ಅಂತಲೂ ಒಪ್ಪಲಿಲ್ಲ. 2004ರಲ್ಲಿ ಒಮ್ಮೆ, 2008ರಲ್ಲಿ ಇನ್ನೊಮ್ಮೆ ಅಲ್ಲಿನ ಸುಪ್ರೀಂ ಕೋರ್ಟೇ ಈ ಲೆಕ್ಕ ನಡೆಯಲ್ಲ ಅಂತ ಹೇಳಿತು. ಒಟ್ಟು ಸುಮಾರು 780 ಜನ ಆ ಜೈಲು ಕಂಡರು. ಬಹುಪಾಲು ಜನರ ಮೇಲೆ ಯಾವ ಆರೋಪವನ್ನೂ ಹೊರಿಸಲೇ ಇಲ್ಲ. ಚಾರ್ಜ್‌ಶೀಟ್ ಎಲ್ಲಿ ಸ್ವಾಮಿ?

ಇವರೆಲ್ಲ ಯುದ್ಧಭೂಮಿಯಲ್ಲಿ ಬಂದೂಕು ಹಿಡಿದು ಸಿಕ್ಕವರು ಅಂದುಕೊಂಡಿದ್ದೀರಾ? ಹಿಡಿದುಕೊಟ್ಟರೆ ದುಡ್ಡು ಕೊಡ್ತೀವಿ ಅಂತ ಅಮೆರಿಕದ ವಿಮಾನಗಳು ಅಫ್ಘಾನಿಸ್ತಾನದಲ್ಲಿ ಕರಪತ್ರ ಉದುರಿಸಿದವು. ನೂರಾರು ಜನರನ್ನು ಒಪ್ಪಿಸಿ ಕೋಟಿಗಟ್ಟಲೆ ಬಹುಮಾನ ತಗೊಂಡೆವು ಅಂತ ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಮುಷರಫ್ ತಾವೇ ಬರೆದುಕೊಂಡಿದ್ದಾರೆ. ದುಡ್ಡು ಸಿಗುತ್ತೆ ಅಂದರೆ ಯಾರು ಯಾರನ್ನು ಬೇಕಾದರೂ ಹಿಡಿದುಕೊಡ್ತಾರೆ. ಅಲ್ ಜಜೀರಾ ಟಿವಿಯ ಕ್ಯಾಮೆರಾಮನ್ ಸಮಿ ಅಲ್ ಹಜ್ ಆರು ವರ್ಷ ಅಲ್ಲಿದ್ದರು. ಉಪವಾಸ ಕೂತರೆ ಕುರ್ಚಿಗೆ ಬಿಗಿದು ಮೂಗಿನಲ್ಲಿ ನಳಿಕೆ ತೂರಿಸಿ ಆಹಾರ ಇಳಿಸುತ್ತಿದ್ದರು. 2008ರಲ್ಲಿ ಯಾವ ಆರೋಪವೂ ಇಲ್ಲದೆ ಬಿಟ್ಟುಬಿಟ್ಟರು.

ಅದ್ನಾನ್ ಲತೀಫ್ ಕಥೆ ಓದಿದ ದಿನ ನನಗೆ ಊಟ ಸೇರಲಿಲ್ಲ. ಯೆಮೆನ್ ದೇಶದವನು. ಕಾರ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿತ್ತು, ಚಿಕಿತ್ಸೆ ಹುಡುಕಿಕೊಂಡು ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ ಹೋಗಿದ್ದೆ ಅಂತ ಅವನ ಮಾತು. ಇವನನ್ನು ಬಿಡಬಹುದು ಅಂತ ಅಧಿಕಾರಿಗಳೇ ಒಂದಕ್ಕಿಂತ ಜಾಸ್ತಿ ಸಲ ಶಿಫಾರಸು ಮಾಡಿದ್ದರು. 2010ರಲ್ಲಿ ವಾಷಿಂಗ್ಟನ್ನಿನ ಫೆಡರಲ್ ಜಡ್ಜ್ ಬಿಡುಗಡೆಗೆ ಆದೇಶ ಕೊಟ್ಟರು. ಸರ್ಕಾರ ಅಪೀಲು ಹೋಯಿತು, ಮೇಲಿನ ಕೋರ್ಟು ಆ ಆದೇಶ ರದ್ದು ಮಾಡಿತು. 2012ರ ಸೆಪ್ಟೆಂಬರಿನಲ್ಲಿ ಅಲ್ಲೇ ಸತ್ತ. ಹತ್ತು ವರ್ಷಕ್ಕೂ ಜಾಸ್ತಿ ಇಟ್ಟುಕೊಂಡರು, ಒಂದೇ ಒಂದು ಆರೋಪ ಹೊರಿಸಲಿಲ್ಲ.

"ಬಿಟ್ಟರೆ ಮತ್ತೆ ದಾಳಿ ಮಾಡ್ತಾರೆ" ಅಂತೀರಿ. ಬಿಟ್ಟವರಲ್ಲಿ ಕೆಲವರು ಮತ್ತೆ ಅದೇ ದಾರಿ ಹಿಡಿದದ್ದು ನಿಜ. ಹಾಗಾದರೆ ಕೇಸು ನಡೆಸಿ! ನಾನು ಯಾರನ್ನೂ ಸುಮ್ನೆ ಬಿಟ್ಟುಬಿಡಿ ಅಂತಿಲ್ಲ. ಗ್ವಾಂಟನಾಮೊದಿಂದ ನ್ಯೂಯಾರ್ಕಿನ ಮಾಮೂಲಿ ಕೋರ್ಟಿಗೆ ಬಂದವನು ಒಬ್ಬನೇ, ಅಹ್ಮದ್ ಘೈಲಾನಿ. 1998ರಲ್ಲಿ ಆಫ್ರಿಕಾದ ಎರಡು ಅಮೆರಿಕನ್ ರಾಯಭಾರ ಕಚೇರಿಗಳ ಮೇಲೆ ನಡೆದ ಬಾಂಬ್ ದಾಳಿಯ ಕೇಸು. 285 ಆರೋಪಗಳಲ್ಲಿ 284 ಬಿದ್ದುಹೋದವು. ಉಳಿದ ಒಂದರಲ್ಲೇ ಜೀವಾವಧಿ ಶಿಕ್ಷೆ ಆಯಿತು. ಕಸಬ್‌ನನ್ನು ನಾವೇನು ಮಾಡಿದೆವು? ವಕೀಲರನ್ನು ಕೊಟ್ಟೆವು, ಸಾಕ್ಷಿ ನಡೆಸಿದೆವು, ಸುಪ್ರೀಂ ಕೋರ್ಟಿನವರೆಗೆ ಅಪೀಲಿಗೆ ಬಿಟ್ಟೆವು. ನಾಲ್ಕು ವರ್ಷದೊಳಗೆ ಎಲ್ಲ ಮುಗಿಯಿತು. ಅದೇ ಕೇಸಿನಲ್ಲಿ ಇಬ್ಬರು ಭಾರತೀಯರು ಸಾಕ್ಷಿ ಸಾಲದೆ ಖುಲಾಸೆಯೂ ಆದರು.

ಅಲ್ಲಿ ನೋಡಿ. 9/11ರ ಸೂತ್ರಧಾರ ಖಾಲಿದ್ ಶೇಖ್ ಮೊಹಮ್ಮದ್ ಸಿಕ್ಕಿದ್ದು 2003ರ ಮಾರ್ಚಿನಲ್ಲಿ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವನನ್ನು ಗುಪ್ತ ಜೈಲಿನಲ್ಲಿಟ್ಟು, ಮುಖದ ಮೇಲೆ ನೀರು ಹೊಯ್ದು ಉಸಿರು ಕಟ್ಟಿಸಿತು, 183 ಸಲ. ಆ ಹಿಂಸೆಯಿಂದ ಬಂದ ಹೇಳಿಕೆಗಳನ್ನು ಸಾಕ್ಷಿ ಅಂತ ತಗೊಳ್ಳಬಹುದಾ ಅನ್ನೋ ವಾದವೇ ವರ್ಷಾನುಗಟ್ಟಲೆ ಎಳೆಯಿತು. 2024ರ ಜುಲೈ ಕೊನೆಯಲ್ಲಿ ತಪ್ಪೊಪ್ಪಿಗೆಯ ಒಪ್ಪಂದ ಆಯಿತು. ಎರಡೇ ದಿನಕ್ಕೆ ರಕ್ಷಣಾ ಮಂತ್ರಿ ಅದನ್ನೂ ರದ್ದು ಮಾಡಿದರು. ಸುಮಾರು 3,000 ಜನ ಸತ್ತ ಕೇಸಿದು. ತೀರ್ಪು ಕೇಳದೆಯೇ ಎಷ್ಟು ತಾಯಿತಂದೆಯರು ಕಣ್ಣು ಮುಚ್ಚಿದರೋ! ಆ ಜೈಲಿನಿಂದ ಅವರಿಗೇನು ಸಿಕ್ಕಿತು?

ಒಬಾಮಾ 2009ರಲ್ಲಿ, ಒಂದು ವರ್ಷದಲ್ಲಿ ಮುಚ್ಚಬೇಕು ಅಂತ ಸಹಿ ಹಾಕಿದರು. ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಬಿಡಲಿಲ್ಲ. 2018ರಲ್ಲಿ ಟ್ರಂಪ್ ತೆರೆದೇ ಇರಲಿ ಅಂದರು. ಆಗ ಅಲ್ಲಿದ್ದವರು ಸುಮಾರು 40 ಜನ ಅಷ್ಟೇ, ಒಬ್ಬೊಬ್ಬರಿಗೆ ವರ್ಷಕ್ಕೆ ಸುಮಾರು 1 ಕೋಟಿ 30 ಲಕ್ಷ ಡಾಲರ್ ಖರ್ಚು. 2025ರ ಜನವರಿಯಲ್ಲಿ 11 ಯೆಮೆನಿಗಳನ್ನು ಓಮನ್‌ಗೆ ಕಳಿಸಿದ ಮೇಲೆ 15 ಜನ ಉಳಿದರು. ಅದೇ ತಿಂಗಳ ಕೊನೆಯಲ್ಲಿ ಟ್ರಂಪ್, ವಲಸಿಗರನ್ನು ಇಡೋಕೆ ಆ ನೌಕಾನೆಲೆಯಲ್ಲಿ 30,000 ಜನರಿಗೆ ಜಾಗ ಮಾಡಿ ಅಂತ ಆದೇಶ ಕೊಟ್ಟರು. ಇಂಥ ಜಾಗ ಒಂದು ಸಲ ಶುರುವಾದರೆ ಹೊಸ ಹೊಸ ಜನ ಬೇಕಾಗ್ತಾರೆ, ನನ್ನ ಭಯ ಅದೇ.

ಆ 15 ಜನರಲ್ಲಿ ಅಬು ಜುಬೈದಾ ಒಬ್ಬ. ಹಿಡಿದಿದ್ದು 2002ರ ಮಾರ್ಚಿನಲ್ಲಿ. ಅಲ್ ಖೈದಾದ ಮೂರನೇ ದೊಡ್ಡ ನಾಯಕ ಅಂತ ಸಾರಿದರು, ಆಮೇಲೆ ಸರ್ಕಾರವೇ ಆ ಮಾತು ಕೈಬಿಟ್ಟಿತು. ಇವನು ಸಾಯೋವರೆಗೂ ಹೊರಗಿನವರ ಜೊತೆ ಮಾತಾಡದ ಹಾಗೆ ನೋಡಿಕೊಳ್ಳಿ ಅಂತ ವಿಚಾರಣೆ ಮಾಡಿದ ಸಿಐಎಯವರು ಮೇಲಿನವರಿಂದ ಭರವಸೆ ಕೇಳಿದ್ದರು. ಸಿಐಎ ಹಿಂಸೆಯ ಬಗ್ಗೆ 2014ರಲ್ಲಿ ಬಂದ ಅಮೆರಿಕದ ಸೆನೆಟ್ ವರದಿಯಲ್ಲಿ ಇದೆ, ಓದಿ. ಇವನ ಚಾರ್ಜ್‌ಶೀಟ್ ಎಲ್ಲಿ?

"ಇವರನ್ನೆಲ್ಲ ಎಲ್ಲಿಡೋದು" ಅಂತ ಕೇಳಬೇಡಿ. 1993ರಲ್ಲಿ ವರ್ಲ್ಡ್ ಟ್ರೇಡ್ ಸೆಂಟರಿಗೆ ಬಾಂಬಿಟ್ಟ ರಮ್ಜಿ ಯೂಸುಫ್‌ಗೆ ಶಿಕ್ಷೆಯಾಗಿದ್ದು ಅಮೆರಿಕದ ಮಾಮೂಲಿ ಕೋರ್ಟಿನಲ್ಲಿ, ಅವನನ್ನು ಇಟ್ಟಿದ್ದೂ ಅಮೆರಿಕದ ಜೈಲಿನಲ್ಲೇ. ಗ್ವಾಂಟನಾಮೊದವರನ್ನು ವಿಚಾರಣೆಗೂ ದೇಶದೊಳಗೆ ತರಬಾರದು ಅಂತ ಕಾಂಗ್ರೆಸ್ ವರ್ಷ ವರ್ಷ ರಕ್ಷಣಾ ಕಾಯ್ದೆಯಲ್ಲಿ ಒಂದು ಕಲಂ ಸೇರಿಸುತ್ತಾ ಬಂದಿದೆ. ಅದನ್ನು ಕಿತ್ತುಹಾಕಲಿ. ಸಾಕ್ಷಿ ಇರುವವರ ಮೇಲೆ ಮಾಮೂಲಿ ಕೋರ್ಟಿನಲ್ಲಿ ಕೇಸು ನಡೆಸಲಿ. ಉಳಿದವರನ್ನು, ಓಮನ್‌ಗೆ ಕಳಿಸಿದ ಹಾಗೆ, ಇಟ್ಟುಕೊಳ್ಳೋಕೆ ಒಪ್ಪುವ ದೇಶ ಹುಡುಕಿ ಕಳಿಸಲಿ.