ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ

ಕೆನಡಾದ ಸಸ್ಕಾಟೂನಿನ ಲೈಬ್ರರಿಯೊಂದರಲ್ಲಿ ಸುತ್ತಲಿನ ಹಳ್ಳಿಗಳ ಹಳೇ ನಕ್ಷೆ ನೋಡಬಹುದಾ ಅಂತ ಕೇಳಿದೆ. ಅಲ್ಲಿದ್ದ ಹೆಂಗಸು ಅಗಲವಾದ ಡ್ರಾಯರ್ ಎಳೆದು, ಹಾಳೆಗಳನ್ನು ಮೇಜಿನ ಮೇಲೆ ಹಾಸಿ, "ನಿಧಾನಕ್ಕೆ ನೋಡಿ" ಅಂದು ಹೊರಟೇಬಿಟ್ಟರು. ಅರ್ಜಿ ಇಲ್ಲ, ಸಹಿ ಇಲ್ಲ. ಕಾರಣ ಹೇಳಲು ನಾನು ತಯಾರಾಗಿ ಹೋಗಿದ್ದೆ, ಕೇಳುವವರೇ ಇರಲಿಲ್ಲ. ಹಾವೇರಿ ಜಿಲ್ಲೆಯವನಿಗೆ ಇದರಿಂದ ಮೊದಲು ಖುಷಿಯಾಗುತ್ತದೆ, ಎರಡು ನಿಮಿಷ ಬಿಟ್ಟು ಹೊಟ್ಟೆ ಉರಿಯುತ್ತದೆ.

ನಮ್ಮ ಹೊಲದ ನಕಾಶೆಗಾಗಿ ಅಪ್ಪ ಅಲೆದದ್ದನ್ನು ನಾನು ನೋಡಿದ್ದೇನೆ. ಮೊದಲು "ಯಾಕ ಬೇಕ್ರಿ?", ಆಮೇಲೆ "ಸಾಹೇಬ್ರು ಫೀಲ್ಡಿಗೆ ಹೋಗ್ಯಾರ". ಕೊನೆಗೆ, ಹೊಲದ ಅಳತೆ ಬರೆದಿಟ್ಟ ಟಿಪ್ಪಣಿ ಹಾಳೆ ಹರಿದು ಪುಡಿಯಾಗಿದೆ ಅಂದರು. ನಮ್ಮ ಹೊಲದ ಗಡಿ ಎಲ್ಲಿ ಅಂತ ನಮಗೇ ತಿಳಿಯಬಾರದು ಅನ್ನುವಂತಿತ್ತು ಆ ಕಚೇರಿಯ ಗತ್ತು.

ಇಲ್ಲಿನ ಹಾಳೆಗಳ ವಿಷಯಕ್ಕೆ ಬರ್ತೀನಿ. ಸಸ್ಕಾಟೂನಿನ ಆಗ್ನೇಯಕ್ಕೆ ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ಕಂಪನಿ ಹಾಕಿದ ರೈಲು ಹಳಿ ಇದೆ. ಹಳಿಯುದ್ದಕ್ಕೂ ಊರುಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲೇ ಹೆಸರಿಟ್ಟಿದ್ದಾರೆ. ವಾಟ್ರಸ್, ಕ್ಸೀನಾ, ಯಂಗ್, ಝೆಲ್ಮಾ. ಅಕ್ಷರ ಮುಗಿದ ಮೇಲೆ ಮತ್ತೆ ಮೊದಲಿಂದ, ಅಲನ್, ಬ್ರ್ಯಾಡ್‌ವೆಲ್, ಕ್ಲಾವೆಟ್. ಊರಿಗೆ ಹೆಸರಿಡಲು ದೇವರೂ ಇಲ್ಲ, ಹಳ್ಳವೂ ಇಲ್ಲ, ಎಬಿಸಿಡಿಯೇ ಸಾಕಾಗಿದೆ ನೋಡಿ! ಕುದುರೆ ಗಾಡಿಯಲ್ಲಿ ಗೋಧಿ ಹೇರಿಕೊಂಡು ಹೋಗಿ ಅದೇ ದಿನ ಮನೆ ಸೇರುವಷ್ಟು ದೂರಕ್ಕೊಂದು ಊರು. ಆಗ ಪ್ರತಿ ಊರಿಗೂ ಕಾಳು ತುಂಬಿಡುವ ಎತ್ತರದ ಎಲಿವೇಟರ್ ಇತ್ತು.

1:50,000 ಅಳತೆಯ ಹಾಳೆ ಬಿಚ್ಚಿದರೆ ಕಪ್ಪು ಚುಕ್ಕಿಯಂಥ ಚೌಕಗಳು ಮನೆಗಳು. ಶಿಲುಬೆ ಇದ್ದರೆ ಚರ್ಚು. ನೀಲಿ ಮಚ್ಚೆಗಳು ಮಳೆನೀರು, ಹಿಮದ ನೀರು ನಿಲ್ಲುವ ಗುಂಡಿಗಳು. ಎತ್ತರ ತೋರಿಸುವ ಕಂದು ಗೆರೆ ಹುಡುಕಿದರೂ ಸಿಗದಷ್ಟು ನೆಲ ಸಪಾಟು. ಬೇರೆ ಬೇರೆ ಕಾಲದ ಮುದ್ರಣಗಳನ್ನು ಪಕ್ಕಪಕ್ಕ ಇಟ್ಟರೆ ಒಂದರಲ್ಲಿದ್ದ ಶಾಲೆ ಇನ್ನೊಂದರಲ್ಲಿಲ್ಲ. ಮನೆಗಳು ವಿರಳವಾಗುತ್ತಾ ಹೋಗುತ್ತವೆ. ಕೆಲವು ಕಡೆ ಹಳಿಯೇ ಮಾಯ.

ಮಾಯವಾಗದೆ ಉಳಿದದ್ದು ಚೌಕಳಿ. 1871ರಲ್ಲಿ ವಿನಿಪೆಗ್ ಹತ್ತಿರ ಮೊದಲ ಗುರುತು ನೆಟ್ಟು ಅಳೆಯಲು ಶುರು ಮಾಡಿದವರು, ಇಡೀ ಬಯಲನ್ನು 6 ಮೈಲಿಯ ಚೌಕಗಳಾಗಿ ಕತ್ತರಿಸಿದರು. ಒಂದೊಂದರಲ್ಲಿ 36 ಸೆಕ್ಷನ್, ಸೆಕ್ಷನ್ನಿಗೆ 640 ಎಕರೆ. 1872ರ ಕಾನೂನಿನ ಪ್ರಕಾರ 10 ಡಾಲರ್ ಕಟ್ಟಿ, ಮೂರು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ ಕಾಲು ಸೆಕ್ಷನ್, ಅಂದರೆ 160 ಎಕರೆ, ನಿಮ್ಮದು. 11 ಮತ್ತು 29ನೇ ಸೆಕ್ಷನ್ ಮಾರಿ ಬಂದ ಹಣ ಶಾಲೆಗಳಿಗೆ. (ನಮ್ಮ ಗೋಮಾಳದ ಕಥೆ ಇಲ್ಲಿ ತೆಗೆಯುವುದು ಬೇಡ.) ಭೂಮಿ ಗುಂಡಗಿರುವುದರಿಂದ ಉತ್ತರಕ್ಕೆ ಹೋದಷ್ಟೂ ಗೆರೆಗಳು ಹತ್ತಿರ ಬರುತ್ತವಲ್ವಾ? ಅದಕ್ಕೆ 24 ಮೈಲಿಗೊಮ್ಮೆ ಲೆಕ್ಕ ಸರಿಮಾಡಿದ್ದಾರೆ. ಸೂಜಿಯಂತೆ ನೇರ ಹೋಗುವ ರಸ್ತೆ ಅಲ್ಲಿ ಸುಮ್ನೆ ಪಕ್ಕಕ್ಕೆ ಜರುಗಿ ಮತ್ತೆ ನೇರ ಹೋಗುತ್ತದೆ. ಹೊಸಬರು ಕಾರು ಗುಂಡಿಗೆ ಇಳಿಸುವುದು ಅಲ್ಲೇ.

ರಸ್ತೆಗೆ ಬಿಟ್ಟ ಜಾಗ 66 ಅಡಿ ಅಂತ ಓದಿದಾಗ ನನಗೆ ನಗು ಬಂತು. ನಮ್ಮ ಗುಂಟೆಯ ಒಂದು ಬದಿ 33 ಅಡಿ, ಅದರ ಸರಿಯಾಗಿ ಎರಡರಷ್ಟು. ಬ್ರಿಟಿಷರ 66 ಅಡಿಯ ಒಂದೇ ಅಳತೆ ಸರಪಳಿ ಇಲ್ಲಿ ಇಡಿಯಾಗಿ, ಅಲ್ಲಿ ಅರ್ಧವಾಗಿ ಎಳೆದಾಡಿದೆ. ಇಲ್ಲಿ ಒಬ್ಬ ರೈತನ ಕಾಲು ಸೆಕ್ಷನ್ ಅಂದರೆ 6,400 ಗುಂಟೆ. ನಮ್ಮಲ್ಲಿ ಮೂವರು ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡು, ಎರಡು ಗುಂಟೆಗಾಗಿ ಮಾತು ಬಿಟ್ಟು ಕೂತಿರುತ್ತಾರೆ.

ನಕ್ಷೆ ಬರೆಯುವುದರಲ್ಲಿ ನಾವೇನು ಹಿಂದೆ ಬಿದ್ದವರಾ? ಬೆಂಗಳೂರಿನಲ್ಲಿ ಬ್ರಿಟಿಷ್ ಸರ್ವೆಯವ ಲ್ಯಾಂಬ್ಟನ್, ಮುಂದಿನ ಅಳತೆಗೆಲ್ಲ ಬುನಾದಿಯಾದ ಆಧಾರರೇಖೆ ಅಳೆದದ್ದು 1800ರಲ್ಲಿ. ಇನ್ನೊಬ್ಬ ಸರ್ವೆಯವ ಮೆಕೆಂಝಿಯ ಮೈಸೂರು ಸರ್ವೆಯೂ ಆ ಹೊತ್ತಿನದೇ. ಈ ಬಯಲಿಗೆ ಸರಪಳಿ ಬಂದದ್ದು ಅದಾಗಿ ಎಪ್ಪತ್ತು ವರ್ಷಕ್ಕೆ. ಅಳೆಯುವುದರಲ್ಲಿ ಮುಂದಿದ್ದೆವು, ತೋರಿಸುವುದರಲ್ಲಿ ಮಾತ್ರ ಜಿಪುಣರಾದೆವು. 2017ರಲ್ಲಿ ಸರ್ವೆ ಆಫ್ ಇಂಡಿಯಾ ಒಂದಷ್ಟು ನಕ್ಷೆಗಳನ್ನು ಪುಕ್ಕಟೆ ಡೌನ್‌ಲೋಡಿಗೆ ಬಿಟ್ಟಿತು. ಸಂತೋಷಪಡೋಣ ಅಂದರೆ ಆಧಾರ್ ನಂಬರ್ ಕೇಳಿತು. ಬೆಟ್ಟ ಎಷ್ಟು ಎತ್ತರ ಅಂತ ನೋಡಲೂ ನಾನು ಯಾರ ಮಗ ಅಂತ ಹೇಳಬೇಕಿತ್ತು.

ಇಷ್ಟೆಲ್ಲ ಬೈದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಬೇಕಾಗುತ್ತದೆ. ಇಲ್ಲಿನ ಚೌಕ ಖಾಲಿ ಜಾಗದ ಮೇಲೆ ಬಿದ್ದದ್ದಲ್ಲ. ಸಸ್ಕಾಟೂನ್ ಇರುವುದು ಬ್ರಿಟಿಷ್ ರಾಣಿಯ ಪರವಾಗಿ ಮೂಲನಿವಾಸಿಗಳ ಜೊತೆ ಮಾಡಿಕೊಂಡ 1876ರ ಆರನೇ ಒಪ್ಪಂದದ ನೆಲ. ಕ್ರೀ ಎಂಬ ಮೂಲನಿವಾಸಿ ಜನ ಓಡಾಡಿದ, ಕಾಡೆಮ್ಮೆ ಬೇಟೆಯಾಡಿದ ಬಯಲು ಈ ಹಾಳೆಗಳಲ್ಲಿ ಬರೀ ನಂಬರು. ಬಟೋಶ್ ಅನ್ನುವ ಊರಿನ ಹತ್ತಿರ ಮೆಟಿ ಜನ (ಮೂಲನಿವಾಸಿ ಮತ್ತು ಯುರೋಪಿನವರ ಮಿಶ್ರ ಸಂತತಿ) ನದಿಯಿಂದ ಹಿಂದಕ್ಕೆ ಉದ್ದುದ್ದ ಪಟ್ಟಿಗಳಾಗಿ ಹೊಲ ಮಾಡಿಕೊಂಡಿದ್ದರು, ಎಲ್ಲರಿಗೂ ನೀರು ಸಿಗಲಿ ಅಂತ. ಚೌಕದ ಸರ್ವೆ ತಮ್ಮ ಪಟ್ಟಿಗಳನ್ನು ನುಂಗುತ್ತದೆ ಅನ್ನುವ ಭಯವೂ 1885ರಲ್ಲಿ ಅವರು ಬಂದೂಕು ಹಿಡಿದದ್ದಕ್ಕೆ ಒಂದು ಕಾರಣ. ಅಪ್ಪನನ್ನು ಅಲೆಸಿದ ಕಚೇರಿ ಕೆಟ್ಟದ್ದೇ ಇರಬಹುದು, ನಮ್ಮ ಹೊಲ ಯಾರದೂ ಅಲ್ಲ ಅಂತ ಮಾತ್ರ ಅದು ಬರೆಯಲಿಲ್ಲ.

ಇನ್ನೊಂದು, ಈಗ ಕರ್ನಾಟಕದ ಗ್ರಾಮ ನಕ್ಷೆಗಳು ಆನ್‌ಲೈನಲ್ಲಿ ಪಿಡಿಎಫ್ ಆಗಿ ಸಿಗುತ್ತವೆ. ದಿಶಾಂಕ್ ಆ್ಯಪ್ ಹಿಡಿದು ಹೊಲದಲ್ಲಿ ನಿಂತರೆ ಸರ್ವೆ ನಂಬರೂ ಹೇಳುತ್ತದೆ. ಇದನ್ನು ಮೊದಲೇ ಬರೆಯಬೇಕಿತ್ತು, ಬರೆದಿದ್ದರೆ ಬೈಯುವ ಮಜಾ ಹೋಗುತ್ತಿತ್ತು.

ನಾನೂ ನಮ್ಮೂರ ನಕ್ಷೆ ಇಳಿಸಿ ಕಾಕಾನ ಮಗನಿಗೆ ವಾಟ್ಸಾಪ್ ಮಾಡಿದೆ. ಅವನು ಅದನ್ನು ಕಾಕಾನಿಗೆ ತೋರಿಸಿದ. ಮರುದಿನ ಬೆಳಿಗ್ಗೆ ಕಾಕಾನ ಫೋನು. "ತಮ್ಮಾ, ಹಳ್ಳದ ಮಗ್ಗಲ ಬಂಡಿದಾರಿ ನಕಾಶ್ಯಾಗ ಐತಲ್ಲೋ! ಬಾಜೂ ಹೊಲದಾಂವ ಅದನ್ನ ಪೂರಾ ಉತ್ತು ಹತ್ತಿ ಹಾಕ್ಯಾನ." ದನಿಯಲ್ಲಿ ಎಂಥ ಹುರುಪು ಅಂತೀರಿ! ಈಗ ಊರಲ್ಲಿ ಪಂಚಾಯ್ತಿ ಸೇರಿದೆಯಂತೆ. ನಕ್ಷೆ ಯಾಕೆ ಕಳಿಸಿದೆ ಅಂತ ಕಾಕಾನ ಮಗ ನನಗೇ ಬೈಯುತ್ತಿದ್ದಾನೆ.